ಶಂಖನಕನ ವರದಿ, ಯಶೋಧರನ ಮೌನ: ಸೋಮದೇವಸೂರಿಯನ್ನು ಮತ್ತೆ ಓದುವಾಗ

ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಯಶೋಧರನೆಂದರೆ ಜನ್ನನ ಯಶೋಧರ. 1209ರಲ್ಲಿ ರಚಿತವಾದ 'ಯಶೋಧರ ಚರಿತೆ' ಪಠ್ಯವಾಗಿ, ವಿಮರ್ಶೆಯಾಗಿ, ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ'ದ ಮೂಲಕ ರಂಗಭೂಮಿಯಾಗಿ ನಮ್ಮ ನಡುವೆ ಬಾಳುತ್ತಿದೆ. ಅಮೃತಮತಿ, ಅಷ್ಟಾವಂಕ, ಹಿಟ್ಟಿನ ಕೋಳಿ, ಸಂಕಲ್ಪಹಿಂಸೆ, ಭವಾವಳಿ ಇವುಗಳ ಸುತ್ತಲೇ ನಮ್ಮ ಚರ್ಚೆ ಸುತ್ತುತ್ತದೆ. ಕಾಮ ದೊಡ್ಡದೋ ಕರ್ಮ ದೊಡ್ಡದೋ, ಅಮೃತಮತಿಯದು ಅಪರಾಧವೋ ಮನಸ್ಸಿನ ನಿಗೂಢವೋ ಎಂಬ ಪ್ರಶ್ನೆಗಳು ಅರ್ಧ ಶತಮಾನಕ್ಕೂ ಮಿಗಿಲಾಗಿ ಕೇಳಿಬಂದಿವೆ. ಆದರೆ ಯಶೋಧರ ಒಬ್ಬ ಅರಸ. ಅವನ ಕಥೆ ಅಧಿಕಾರದ ಕಥೆಯೂ ಹೌದು ಎಂಬುದನ್ನು ಈ ಚರ್ಚೆ ಬಹುಮಟ್ಟಿಗೆ ಮರೆತಿದೆ. ಮರೆವಿಗೆ ಕಾರಣವಿಲ್ಲದಿಲ್ಲ. ಜನ್ನನು ವಾದಿರಾಜನ ಜಾಡಿನಲ್ಲಿ ನಡೆದು ಕಥೆಯನ್ನು ಬಿಗಿಗೊಳಿಸಿದನು; ಆ ಬಿಗಿಯಲ್ಲಿ ರಾಜ್ಯಾಂಗದ ಭಾಗಕ್ಕೆ ಎಡೆ ಉಳಿಯಲಿಲ್ಲ. ಆ ಭಾಗವನ್ನು ಕಾಣಬೇಕಾದರೆ ಜನ್ನನಿಗಿಂತ ಇನ್ನೂರೈವತ್ತು ವರ್ಷ ಹಿಂದಕ್ಕೆ, ಸೋಮದೇವಸೂರಿಯ 'ಯಶಸ್ತಿಲಕ ಚಂಪು'ವಿಗೆ ಹೋಗಬೇಕು.

ಸೋಮದೇವನನ್ನು ಈಚಿನ ದಿನಗಳಲ್ಲಿ ನೆನೆಯುವವರು ಸಾಮಾನ್ಯವಾಗಿ ಇನ್ನೊಂದು ದಾರಿಯಿಂದ ಬರುತ್ತಾರೆ. ಅವನ 'ನೀತಿವಾಕ್ಯಾಮೃತ'ವನ್ನು ಕೈಯಲ್ಲಿ ಹಿಡಿದು, ಅವನಿಗೆ 'ಜೈನ ಚಾಣಕ್ಯ'ನೆಂಬ ಬಿರುದನ್ನು ತೊಡಿಸಿ, ನಮ್ಮಲ್ಲಿಯೂ ಇಂಥವನೊಬ್ಬನಿದ್ದನೆಂದು ಹೆಮ್ಮೆಪಟ್ಟು ಹೊರಟುಹೋಗುತ್ತಾರೆ. 1909ರಲ್ಲಿ ಮೈಸೂರಿನಿಂದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದ ಮೇಲೆ ಈ ಹೋಲಿಕೆ ಅನಿವಾರ್ಯವಾಯಿತೆನ್ನಬಹುದು. ಸೋಮದೇವನ ಸೂತ್ರಗಳ ಮೇಲೆ ಕೌಟಿಲ್ಯನ ನೆರಳು ದಟ್ಟವಾಗಿಯೇ ಇದೆ. ಆದರೆ ಹೆಮ್ಮೆಯೆಂಬುದು ಓದಲ್ಲ. ಗೂಢಚಾರರ ಬಗೆಗೆ ಒಂದು ಸಮುದ್ದೇಶವನ್ನೇ ಬರೆದ ಜೈನಮುನಿಯನ್ನು ಓದುವಾಗ ಏಳಬೇಕಾದ ಪ್ರಶ್ನೆಯನ್ನು ಆ ಬಿರುದು ಏಳದಂತೆ ಮಾಡುತ್ತದೆ: ಈ ಕಣ್ಣು ಯಾರ ಮೇಲೆ?

ಅವನ ಬದುಕಿನ ವಿವರಗಳು ಕೆಲವೇ. ದೇವಸಂಘದ ಯಶೋದೇವನ ಶಿಷ್ಯ ನೇಮಿದೇವ, ಅವನ ಶಿಷ್ಯ ಸೋಮದೇವ. ಯಶಸ್ತಿಲಕದ ಕೊನೆಯಲ್ಲಿ ಅವನೇ ಕೊಡುವ ಪ್ರಶಸ್ತಿಯ ಪ್ರಕಾರ ಶಕವರ್ಷ 881ರ ಸಿದ್ಧಾರ್ಥಿ ಸಂವತ್ಸರದ ಚೈತ್ರದಲ್ಲಿ, ಅಂದರೆ ಕ್ರಿ.ಶ. 959ರಲ್ಲಿ, ಗಂಗಾಧಾರವೆಂಬಲ್ಲಿ ಕಾವ್ಯ ಮುಗಿಯಿತು. ಆಗ ರಾಷ್ಟ್ರಕೂಟ ಮೂರನೆಯ ಕೃಷ್ಣನು ದಕ್ಷಿಣದ ದಂಡಯಾತ್ರೆಯಲ್ಲಿ ಮೇಲ್ಪಾಟಿಯ ಬೀಡಿನಲ್ಲಿದ್ದನು. ಅವನ ಸಾಮಂತನಾದ ಚಾಲುಕ್ಯ ಅರಿಕೇಸರಿಯ ಮಗ ವಾಗರಾಜನ ರಾಜಧಾನಿ ಗಂಗಾಧಾರ. ಈ ಅರಿಕೇಸರಿ ಬೇರೆ ಯಾರೂ ಅಲ್ಲ, ಪಂಪನ ಅರಿಕೇಸರಿಯೇ. ಇಂದಿನ ತೆಲಂಗಾಣದ ಗಂಗಾಧರಂ ಬಳಿಯ ಕುರ್ಕ್ಯಾಲದ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮ ಜಿನವಲ್ಲಭನ ಶಾಸನವಿದೆ. ಕನ್ನಡ, ಸಂಸ್ಕೃತ, ತೆಲುಗು ಮೂರೂ ಅಲ್ಲಿ ಒಂದೇ ಬಂಡೆಯ ಮೇಲೆ ಕೂಡಿವೆ. ಸೋಮದೇವ ಬರೆದುದು ಸಂಸ್ಕೃತದಲ್ಲಾದರೂ ಅವನ ಸುತ್ತಲಿನ ಲೋಕ ಪಂಪನ ಲೋಕ. ಅದೇ ಸಿದ್ಧಾರ್ಥಿ ಸಂವತ್ಸರದಲ್ಲಿ ಮಾನ್ಯಖೇಟದಲ್ಲಿ ಪುಷ್ಪದಂತನು ಅಪಭ್ರಂಶದ ಮಹಾಪುರಾಣವನ್ನು ಆರಂಭಿಸಿದನು. ಹಿಂದಿನ ಆಶ್ರಯದಲ್ಲಿ ಅವಮಾನಗೊಂಡು ಬಂದ ಆ ಕವಿ ಊರ ಹೊರಗಿನ ತೋಪಿನಲ್ಲಿ ಕುಳಿತು, ಅರಸರ ಹಂಗು ಬೇಡವೆಂದು ಪಟ್ಟಣದೊಳಕ್ಕೆ ಬರಲು ಒಪ್ಪದಿದ್ದುದನ್ನು ತಾನೇ ಹೇಳಿಕೊಂಡಿದ್ದಾನೆ. ರಾಜಸತ್ತೆಯ ಬಗೆಗಿನ ಅಸಮಾಧಾನ ಆ ಕಾಲದ ಜೈನ ಬರೆಹಗಾರರಲ್ಲಿ ಒಬ್ಬಂಟಿ ದನಿಯಾಗಿರಲಿಲ್ಲ.

ಏಳು ವರ್ಷಗಳ ನಂತರ, 966ರ ಪರಭಣಿ ತಾಮ್ರಪಟದಲ್ಲಿ ಸೋಮದೇವ ಮತ್ತೆ ಕಾಣಿಸುತ್ತಾನೆ. ಲೇಂಬುಳಪಾಟಕದಲ್ಲಿ, ಅಂದರೆ ವೇಮುಲವಾಡದಲ್ಲಿ, ಬದ್ದೆಗನು ಕಟ್ಟಿಸಿದ ಶುಭಧಾಮ ಜಿನಾಲಯದ ನಿರ್ವಹಣೆಗಾಗಿ ಅವನ ಮಗ ಮೂರನೆಯ ಅರಿಕೇಸರಿಯು ಸೋಮದೇವನಿಗೆ ಒಂದು ಗ್ರಾಮವನ್ನು ಬಿಟ್ಟುಕೊಟ್ಟನೆಂದು ಪಟ ಹೇಳುತ್ತದೆ. ಪುಷ್ಪದಂತನ ತೋಪಿಗೂ ಈ ದತ್ತಿಗ್ರಾಮಕ್ಕೂ ಇರುವ ದೂರ ಗಮನಿಸತಕ್ಕದ್ದು. ಸೋಮದೇವ ಅಧಿಕಾರದ ಹೊರಗೆ ನಿಂತು ಬರೆದವನಲ್ಲ.

ಯಶಸ್ತಿಲಕದಲ್ಲಿ ಎಂಟು ಆಶ್ವಾಸಗಳಿವೆ. ಮೂರನೆಯದು ಬಹುಪಾಲು ರಾಜನೀತಿಗೆ ಮೀಸಲು: ಮಂತ್ರಾಲೋಚನೆ, ದೂತರು, ಸೈನ್ಯದ ವರ್ಣನೆ, ಅರಸನ ದಿನಚರಿ. ಕಥೆಗೆ ಇದು ಅಡ್ಡಿಯೆಂದು ಓದುಗರು ಹಾರಿಸಿಹೋಗುವುದುಂಟು. ಅಲ್ಲಿಯೇ ಶಂಖನಕನೆಂಬ ಚಾರನೊಬ್ಬ ಬರುತ್ತಾನೆ. ವಿಚಿತ್ರ ವೇಷ, ಹಾಸ್ಯದ ಮಾತು; ಅವನ ಪ್ರವೇಶವೇ ವಿದೂಷಕನ ಪ್ರವೇಶದಂತಿದೆ. ಯಶೋಧರನು ತಾನು ನಾಡಿನ ಆಡಳಿತಕ್ಕೆ ನೇಮಿಸಿದ ಪಾಮರೋದಾರನೆಂಬ ಮಂತ್ರಿಯ ಬಗೆಗೆ ವಿಚಾರಿಸುತ್ತಾನೆ. ಆ ಮಂತ್ರಿ ಸಾಧುವೆಂದೂ ದಯಾಳುವೆಂದೂ ಅರಸನ ನಂಬಿಕೆ. ಶಂಖನಕ ಆ ನಂಬಿಕೆಯನ್ನು ಚೂರುಚೂರು ಮಾಡುತ್ತಾನೆ. ಧರ್ಮದ ಸೋಗು, ಒಳಗಿನ ಲೋಭ, ಯೋಗ್ಯರನ್ನು ದೂರವಿಟ್ಟು ಹೊಗಳುಭಟರನ್ನು ಹತ್ತಿರ ಸೇರಿಸಿಕೊಂಡ ಬಗೆ, ಪ್ರಜೆಗಳನ್ನು ಹಿಂಡಿದ ಕ್ರಮ ಎಲ್ಲವೂ ಅವನ ಬಾಯಲ್ಲಿ ಬರುತ್ತವೆ. ಅವನು ಇದನ್ನು ತನ್ನ ಮಾತಿನಲ್ಲಷ್ಟೇ ಹೇಳುವುದಿಲ್ಲ. ಹಲವು ಕವಿಗಳು ಆ ಮಂತ್ರಿಯ ಮೇಲೆ ಕಟ್ಟಿದ ಪದ್ಯಗಳೆಂದು ಸಾಲುಸಾಲಾಗಿ ಒಪ್ಪಿಸುತ್ತಾನೆ. ಆ ಕವಿನಾಮಗಳಲ್ಲಿ ಕೆಲವನ್ನು ನೋಡಿದರೆ ಅವು ಕೇವಲ ವಿನೋದಕ್ಕಾಗಿ ಕಟ್ಟಿದ ಶೃಂಗಾರಮಯ ಬಿರುದುಗಳೆಂಬುದು ಮೇಲ್ನೋಟಕ್ಕೇ ತಿಳಿಯುತ್ತದೆ. ಅಂದರೆ ಸೋಮದೇವ, ಕವಿಯ ಮೇಲೆ ಚಾರನ ಮುಖವಾಡ, ಚಾರನ ಮೇಲೆ ಕಲ್ಪಿತ ಕವಿಗಳ ಮುಖವಾಡ, ಹೀಗೆ ಎರಡು ಪದರಗಳ ಹಿಂದೆ ನಿಂತು ಅಧಿಕಾರಸ್ಥನೊಬ್ಬನನ್ನು ಮನಸಾರೆ ಬೈದಿದ್ದಾನೆ. ಸಾಮಂತನ ಊರಿನಲ್ಲಿ ಕುಳಿತ ಮುನಿಗೆ ಇಂಥ ಎಚ್ಚರ ಬೇಕಾಗಿತ್ತೇನೋ.

ಈ ಪ್ರಸಂಗದಲ್ಲಿ ಕಣ್ಣಿನ ದಿಕ್ಕು ಮುಖ್ಯ. ಶಂಖನಕ ಒಕ್ಕಲಿಗನನ್ನೋ ನೇಕಾರನನ್ನೋ ಹೊಂಚಿ ನೋಡಿ ಬಂದವನಲ್ಲ. ಅವನು ನೋಡಿದುದು ಮಂತ್ರಿಯನ್ನು. ಪ್ರಜೆಗಳ ಬಾಯಲ್ಲಿ ಹರಿದಾಡುತ್ತಿದ್ದ, ಆದರೆ ಅರಮನೆಯ ಬಾಗಿಲು ದಾಟಲಾರದ ಮಾತುಗಳನ್ನು ಅವನು ಒಳಗೆ ತಂದು ಸುರಿಯುತ್ತಾನೆ. 1949ರಲ್ಲಿ ಸೊಲ್ಲಾಪುರದಿಂದ ಬಂದ ಕೆ. ಕೆ. ಹಂದಿಕೈ ಅವರ 'ಯಶಸ್ತಿಲಕ ಅಂಡ್ ಇಂಡಿಯನ್ ಕಲ್ಚರ್' ಈ ಭಾಗವನ್ನು ವಿಸ್ತಾರವಾಗಿ ವಿವರಿಸಿದೆ. ಅಷ್ಟಾದರೂ ಕನ್ನಡದ ಯಶೋಧರ ಚರ್ಚೆಯಲ್ಲಿ ಶಂಖನಕ ಹೊರಗಿನವನಾಗಿಯೇ ಉಳಿದಿದ್ದಾನೆ.

ಮೂರನೆಯ ಆಶ್ವಾಸ ಮುಗಿದು ನಾಲ್ಕನೆಯದು ತೆರೆದರೆ ಇರುಳು. ನಾಡಿನ ಮೂಲೆಮೂಲೆಯ ಸುದ್ದಿ ತರಿಸಿಕೊಳ್ಳುವ ಅರಸನಿಗೆ ತನ್ನ ಶಯ್ಯಾಗೃಹದ ಸುದ್ದಿ ತಿಳಿದಿಲ್ಲ. ನಿದ್ದೆಯ ನಟನೆ ಮಾಡಿ, ಮೆಲ್ಲನೆದ್ದ ರಾಣಿಯನ್ನು ಹಿಂಬಾಲಿಸಿ, ಆನೆಯ ಮಾವುತನ ಬಳಿ ಅವಳನ್ನು ಅವನು ಕಾಣುತ್ತಾನೆ. ಇಲ್ಲಿ ಅರಸನೇ ಚಾರ. ಕತ್ತಿ ಹಿರಿಯುತ್ತಾನೆ, ಮರಳಿ ಒರೆಗೆ ಸೇರಿಸುತ್ತಾನೆ, ಬಂದು ಮತ್ತೆ ಮಲಗಿದವನಂತೆ ಮಲಗುತ್ತಾನೆ. ಮರುದಿನ ತಾಯಿ ಚಂದ್ರಮತಿಗೆ ನಿಜ ಹೇಳಲಾರದೆ ಕನಸೊಂದನ್ನು ಕಟ್ಟಿ ಹೇಳುತ್ತಾನೆ. ಕೆಟ್ಟ ಕನಸಿಗೆ ತಾಯಿ ಬಲಿಯ ಪರಿಹಾರ ಸೂಚಿಸುತ್ತಾಳೆ. ಹಿಟ್ಟಿನ ಕೋಳಿ, ವಿಷದ ಊಟ, ಜನ್ಮಾಂತರಗಳ ಬೇಟೆ ಎಲ್ಲವೂ ಆ ಒಂದು ಸುಳ್ಳಿನಿಂದ ಉರುಳಿಬರುತ್ತವೆ.

ಜನ್ನನಲ್ಲಿ ಈ ಇರುಳನ್ನು ಓದುವವರು ದಾಂಪತ್ಯದ ದುರಂತವನ್ನು ಕಾಣುತ್ತಾರೆ, ತಪ್ಪಲ್ಲ. ಆದರೆ ಸೋಮದೇವನಲ್ಲಿ ಶಂಖನಕನ ವರದಿ ಕೇಳಿದ ಕಿವಿಯಲ್ಲೇ ಇದನ್ನು ಓದಬೇಕಾಗುತ್ತದೆ. ಶಂಖನಕ ತಂದ ಸತ್ಯ ಸಭೆಯಲ್ಲಿ ಆಡಬಹುದಾದ ಸತ್ಯ. ಅದಕ್ಕೆ ಕೇಳುವವರಿದ್ದರು, ಪ್ರಶ್ನಿಸುವ ಅವಕಾಶವಿತ್ತು. ಯಶೋಧರ ತಾನೇ ಹೊಂಚಿ ಕಂಡ ಸತ್ಯ ಯಾರ ಮುಂದೆಯೂ ಇಡಲಾರದ್ದು. ಅದನ್ನು ಅವನು ರಾಣಿಗೆ ಹೇಳಲಿಲ್ಲ, ತಾಯಿಗೂ ಹೇಳಲಿಲ್ಲ. ಕದ್ದು ತಿಳಿದುದನ್ನು ಬಚ್ಚಿಡಲು ಸುಳ್ಳು ಬೇಕಾಯಿತು. ಸುಳ್ಳನ್ನು ಕಾಯಲು ಹಿಂಸೆ ಬೇಕಾಯಿತು. ರಾಜನೀತಿಯ ಆಶ್ವಾಸವನ್ನು ಈ ಇರುಳಿನ ಪಕ್ಕದಲ್ಲೇ ಇಟ್ಟುದು ಆಕಸ್ಮಿಕವೆಂದು ನಂಬುವುದು ಕಷ್ಟ. ಒಬ್ಬನೇ ಕಂಡು, ಒಬ್ಬನೇ ತೀರ್ಮಾನಿಸಿ, ಒಬ್ಬನೇ ಬಚ್ಚಿಟ್ಟುಕೊಳ್ಳುವ ಅರಸನ ಕಣ್ಣಿನ ಬಗೆಗೆ ಸೋಮದೇವ ಕೊಟ್ಟ ಎಚ್ಚರಿಕೆಯೆಂದರೆ ಈ ಕಥೆಯೇ.

'ನೀತಿವಾಕ್ಯಾಮೃತ' ಇದರ ನಂತರದ ಕೃತಿ. ಅದರ ಪ್ರಶಸ್ತಿಯಲ್ಲಿ ಯಶೋಧರಚರಿತದ ಉಲ್ಲೇಖವಿರುವುದರಿಂದ ಹೀಗೆ ಹೇಳಬಹುದು. ಮೂವತ್ತೆರಡು ಸಮುದ್ದೇಶಗಳ ಈ ಸೂತ್ರಗ್ರಂಥದಲ್ಲಿ ಹದಿನಾಲ್ಕನೆಯದು ಚಾರಸಮುದ್ದೇಶ. ಸ್ವಮಂಡಲ, ಪರಮಂಡಲಗಳನ್ನು ನೋಡಲು ಚಾರರೇ ಅರಸರ ಕಣ್ಣುಗಳೆಂಬ ಹಳೆಯ ಮಾತು ಅಲ್ಲಿಯೂ ಬರುತ್ತದೆ. ಕಾವಲಿಲ್ಲದ ಊರಿಗೆ ಇರುಳಿನ ನೆಮ್ಮದಿಯಿಲ್ಲದಂತೆ ಚಾರರಿಲ್ಲದ ಅರಸನಿಗೂ ಇಲ್ಲವೆಂಬುದು ಅವನ ನಿಲುವು. ಮೂವತ್ತಕ್ಕೂ ಹೆಚ್ಚು ಬಗೆಯ ಚಾರರ ಪಟ್ಟಿಯನ್ನು ಅವನು ಕೊಡುತ್ತಾನೆ: ವ್ಯಾಪಾರಿ, ಜೂಜುಗಾರ, ಹಾವಾಡಿಗ, ಹೆಂಡ ಮಾರುವವ, ನಟ, ಹಾಡುಗಾರ, ವೈದ್ಯ, ಜೋಯಿಸ, ಅಡುಗೆಯವ, ಮೂಗ, ಕಿವುಡ, ಕುರುಡ, ಮತ್ತು ತಾಪಸ. ಸ್ವತಃ ತಾಪಸನಾದವನು ತಾಪಸವೇಷವನ್ನೂ ಈ ಪಟ್ಟಿಗೆ ಸೇರಿಸುವಾಗ ಕೈ ನಡುಗಲಿಲ್ಲವೇ ಎಂದು ಇಂದಿನ ಓದುಗ ಕೇಳದಿರಲಾರ. ಕೌಟಿಲ್ಯನಿಂದ ಬಂದ ಪರಂಪರೆಯ ಪಟ್ಟಿ ಅದು ಎಂಬ ಸಮಾಧಾನ ಅರೆ ಸಮಾಧಾನ. ಅಡುಗೆಮನೆಯಿಂದ ಮಠದವರೆಗೆ ಯಾವ ಎಡೆಯೂ ಕಣ್ಣಿನ ಹೊರಗಿಲ್ಲದ ರಾಜ್ಯವನ್ನು ಅವನು ಒಪ್ಪಿಕೊಂಡಿದ್ದಾನೆ.

ಒಪ್ಪಿಕೊಂಡರೂ ಅದಕ್ಕೆ ಕಟ್ಟು ಹಾಕಿದ್ದಾನೆ ಎಂಬುದು ಅವನ ಪರವಾಗಿ ಹೇಳಬೇಕಾದ ಮಾತು. ಚಾರನಿಗೆ ಲೋಭವಿರಬಾರದು, ಸುಳ್ಳು ಇರಬಾರದು, ಊಹಿಸುವ ಶಕ್ತಿ ಇರಬೇಕು. ಒಬ್ಬನ ಮಾತನ್ನು ನಂಬಬಾರದು. ಮೂವರ ಮಾತು ಹೊಂದಿದರೆ ಮಾತ್ರ ನಂಬಬಹುದು. ಅದಕ್ಕಿಂತಲೂ ಅರ್ಥಪೂರ್ಣವಾದುದು ಅಧ್ಯಾಯಗಳ ಕ್ರಮ. ಹದಿನಾಲ್ಕನೆಯ ಚಾರದ ಬೆನ್ನಿಗೆ ಹದಿನೈದನೆಯದಾಗಿ ವಿಚಾರಸಮುದ್ದೇಶ ಬರುತ್ತದೆ. ಪರೀಕ್ಷಿಸದೆ ಏನನ್ನೂ ಮಾಡಬಾರದು. ಸ್ವತಃ ಕಂಡುದರಲ್ಲಿಯೇ ಬುದ್ಧಿ ಮಂಕಾಗುತ್ತದೆ, ಸಂದೇಹಕ್ಕೆ ಬೀಳುತ್ತದೆ, ತಪ್ಪುತ್ತದೆ, ಇನ್ನು ಬೇರೆಯವರು ಹೇಳಿದ್ದರ ಪಾಡೇನು ಎಂಬ ಆಶಯ ಅಲ್ಲಿದೆ. ಯಶೋಧರನ ಇರುಳನ್ನು ಬರೆದ ಲೇಖನಿಯೇ ಇದನ್ನೂ ಬರೆದಿದೆ ಎಂಬುದನ್ನು ನೆನೆದರೆ ಈ ಸೂತ್ರದ ತೂಕ ಬೇರೆಯಾಗುತ್ತದೆ. ಬಯಲಿನಲ್ಲಾಗಲಿ ಮಾತು ಮಾರ್ದನಿಸುವ ಕಡೆಯಲ್ಲಾಗಲಿ ಮಂತ್ರಾಲೋಚನೆ ಮಾಡಬಾರದೆಂದು ಮಂತ್ರಿಸಮುದ್ದೇಶದಲ್ಲಿ ಹೇಳುವಾಗ, ಕದ್ದು ಕೇಳುವ ಕಿವಿಗಳಿಗೆ ಅರಸನೂ ಹೊರತಲ್ಲವೆಂಬುದು ಅವನಿಗೆ ಗೊತ್ತಿತ್ತು. ಕೊಯ್ಲಿನ ಕಾಲದಲ್ಲಿ ಸೈನ್ಯ ನಡೆಸಿದರೆ ಬರ ಬರುತ್ತದೆಂದು ಜನಪದಸಮುದ್ದೇಶದಲ್ಲಿ ಎಚ್ಚರಿಸುವಾಗ ರೈತನ ಹೊಲದ ಅಂಚಿನಲ್ಲಿ ನಿಂತು ನೋಡಿದ ಅನುಭವ ಕಾಣುತ್ತದೆ.

ಆದರೆ ರಾಜರಕ್ಷಾ ಸಮುದ್ದೇಶಕ್ಕೆ ಬಂದಾಗ ಅವನ ಕಣ್ಣು ಕಿರಿದಾಗುತ್ತದೆ. ಅಲ್ಲಿ ಅನುಮಾನಕ್ಕೆ ಗುರಿಯಾದವರು ಅಂತಃಪುರದ ಹೆಂಗಸರು; ಗಂಡಂದಿರನ್ನು ಕೊಂದ ರಾಣಿಯರ ದೃಷ್ಟಾಂತಗಳ ಮಾಲೆಯೇ ಇದೆ. ಅಮೃತಮತಿಯ ಕಥೆ ಬರೆದವನಿಗೆ ಆ ಕಥೆಯಿಂದ ಒಂದು ಪಾಠ ದೊರೆಯಿತು, ಇನ್ನೊಂದು ತಪ್ಪಿಹೋಯಿತು. ನೋಡಲ್ಪಡುವವಳ ಕಡೆಯಿಂದ ನೋಡುವ ದಾರಿ ಅವನಿಗೆ ತೋಚಲಿಲ್ಲ. ಪ್ರಜೆಯ ಬಗೆಗೂ ಹಾಗೆಯೇ. ಚಾರನ ಗುಣವೇನು, ಸಂಬಳವೇನು, ಅವನನ್ನು ಅರಸ ಎಷ್ಟು ನಂಬಬೇಕು ಎಂಬೆಲ್ಲಕ್ಕೂ ಸೂತ್ರವಿದೆ. ಸುಳ್ಳು ವರದಿಗೆ ಸಿಕ್ಕಿ ಹಾಳಾದ ಪ್ರಜೆ ಯಾರ ಬಾಗಿಲು ತಟ್ಟಬೇಕೆಂಬುದಕ್ಕೆ ಚಾರಸಮುದ್ದೇಶದಲ್ಲಿ ಸೂತ್ರವಿಲ್ಲ. ಹತ್ತನೆಯ ಶತಮಾನದವನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯವೆಂಬ ವಾದವಿದೆ. ನಿರೀಕ್ಷಿಸಬೇಕಾಗಿಲ್ಲ, ಆದರೆ ಇಂದಿನ ಆಡಳಿತಕ್ಕೆ ಅವನನ್ನು ಮಾದರಿಯೆಂದು ಎತ್ತಿಹಿಡಿಯುವವರು ಆ ಕೊರತೆಯನ್ನು ಕಾಣಿಸಬೇಕಾಗುತ್ತದೆ.

ಅಧಿಕಾರದ ಕಣ್ಣಿನ ಬಗೆಗೆ ಇಪ್ಪತ್ತನೆಯ ಶತಮಾನ ನೆನೆಯುವ ಹೆಸರು ಜಾರ್ಜ್ ಆರ್ವೆಲ್‌ನದು. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಅವನು 1922ರಿಂದ 1927ರವರೆಗೆ ಬರ್ಮಾದಲ್ಲಿ ವಸಾಹತು ಪೊಲೀಸ್ ಅಧಿಕಾರಿಯಾಗಿದ್ದನು. ಮುಂದೆ ಬ್ರಿಟಿಷ್ ಪೊಲೀಸರ ವಿಶೇಷ ವಿಭಾಗವೇ ಅವನ ಮೇಲೆ ಕಡತ ತೆರೆದು ವರ್ಷಗಟ್ಟಲೆ ಕಣ್ಣಿಟ್ಟಿತು. '1984' ಪ್ರಕಟವಾದ 1949ರಲ್ಲಿಯೇ, ಕಾಯಿಲೆಯ ಹಾಸಿಗೆಯಿಂದ, ಕಮ್ಯುನಿಸ್ಟ್ ಒಲವಿನವರೆಂದು ತನಗೆ ತೋರಿದ ಬರೆಹಗಾರರೇ ಮೊದಲಾದವರ ಹೆಸರುಗಳ ಪಟ್ಟಿಯೊಂದನ್ನು ಬ್ರಿಟಿಷ್ ವಿದೇಶಾಂಗ ಇಲಾಖೆಯ ಪ್ರಚಾರ ವಿಭಾಗಕ್ಕೆ ಅವನು ಕಳಿಸಿಕೊಟ್ಟನು. ಅವನೂ ಕಣ್ಣಾಗಿದ್ದವನು, ಕಣ್ಣಿಗೆ ಸಿಕ್ಕವನು. ಸೋಮದೇವನನ್ನು ಅವನ ಪಕ್ಕದಲ್ಲಿ ನಿಲ್ಲಿಸುವುದು ಕಾಲವಿರೋಧವೆನಿಸಿದರೂ ಒಂದು ಕಾರಣಕ್ಕೆ ಉಪಯುಕ್ತ: ಈ ಯಂತ್ರದ ಒಳಗನ್ನು ಬಲ್ಲವರು ಅದರಿಂದ ಪೂರ್ತಿ ಕೈತೊಳೆದುಕೊಂಡವರಲ್ಲ. ಬರೆಹಗಾರನ ಈ ಕೊರತೆಗಾಗಿ ಬರೆಹವನ್ನು ತಳ್ಳಿಹಾಕುವುದೂ ಬರೆಹಕ್ಕಾಗಿ ಕೊರತೆಯನ್ನು ಮುಚ್ಚಿಡುವುದೂ ಸಮಾನವಾಗಿ ಸೋಮಾರಿ ಓದುಗಳು.

ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನ ಎಲ್ಲೆಯಲ್ಲಿ ಹೆಸರಿಸಿದ ಕೊಪಣ, ಜೈನರ ಮಹಾತೀರ್ಥವಾದ ಕೊಪಣ, ಆಧುನಿಕ ಕಾಲದಲ್ಲಿ ನಿಜಾಮ ಸಂಸ್ಥಾನದೊಳಗಿನ ಸಾಲಾರ್ ಜಂಗ್ ಜಹಗೀರಾಗಿತ್ತು. ಕುಷ್ಟಗಿ, ಗಂಗಾವತಿ, ಮರಳಿಯ ಸೀಮೆಯೂ ಅದೇ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿತ್ತು. 1929ರಲ್ಲಿ ಹೊರಟ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಮುಂಗಡ ಅನುಮತಿಯಿಲ್ಲದೆ ಸಾರ್ವಜನಿಕ ಸಭೆ ಸೇರಬಾರದೆಂದು ವಿಧಿಸಿತು. ಜನ ಸೇರುವುದೇ ಸಂಶಯಕ್ಕೆ ಕಾರಣವಾದ ಆ ಕಾಲದಲ್ಲಿ ಕನ್ನಡದ ಕೆಲಸವೂ ರಾಜಕೀಯವೆನಿಸುತ್ತಿತ್ತು. 1947-48ರಲ್ಲಿ ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಶಿಬಿರ ಕಟ್ಟಬೇಕಾಗಿ ಬಂದುದಕ್ಕೆ, ಸಂಸ್ಥಾನದ ಒಳಗೆ ಮಾತಾಡುವ ಜಾಗ ಉಳಿದಿರಲಿಲ್ಲವೆಂಬುದೂ ಒಂದು ಕಾರಣ. ಶಂಖನಕನ ದಿಕ್ಕು ಇಲ್ಲಿ ಪೂರ್ತಿ ತಿರುಗಿದೆ. ಕಣ್ಣು ಮಂತ್ರಿಯ ಮೇಲಿಲ್ಲ, ಚಾವಡಿಯಲ್ಲಿ ಕುಳಿತ ನಾಲ್ಕು ಜನರ ಮೇಲಿದೆ.

ಸ್ವತಂತ್ರ ಕರ್ನಾಟಕವೂ ಈ ಪ್ರಶ್ನೆಯಿಂದ ದೂರವಿಲ್ಲ. ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನ ಬಿಟ್ಟರು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ಕದ್ದಾಲಿಕೆಗೆ ಕಟ್ಟಳೆಗಳನ್ನು ವಿಧಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ದಾವೆಯಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೂ ಕದ್ದಾಲಿಕೆಯ ಆದೇಶ ಹೊರಡಿಸುವವರು ಸರ್ಕಾರದ ಕಾರ್ಯದರ್ಶಿ. ಅದನ್ನು ಪರಾಮರ್ಶಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ಸೋಮದೇವನ ಮೂವರ ಸಾಕ್ಷ್ಯದ ನಿಯಮಕ್ಕೆ ಅರ್ಥವಿದ್ದುದು ಆ ಮೂವರೂ ಬೇರೆ ಬೇರೆ ದಾರಿಯಿಂದ ಬಂದವರಾಗಿದ್ದರಿಂದ. ಒಂದೇ ಕಚೇರಿಯ ಮೂರು ಕುರ್ಚಿಗಳು ಮೂವರು ಸಾಕ್ಷಿಗಳಾಗುವುದಿಲ್ಲ.

ಸಾಹಿತ್ಯದ ತರಗತಿಗೆ ಇದರಿಂದ ಒದಗುವ ಕೆಲಸ ಸ್ಪಷ್ಟವಾಗಿಯೇ ಇದೆ. ಜನ್ನನ ಕಾವ್ಯದ ಜೊತೆಗೆ ಯಶಸ್ತಿಲಕದ ಮೂರು ಮತ್ತು ನಾಲ್ಕನೆಯ ಆಶ್ವಾಸಗಳ ಕಥಾಸಾರವನ್ನಾದರೂ ಓದಿಸಿದರೆ, ಜನ್ನ ಬಿಟ್ಟುದೇನು, ಬಿಟ್ಟುದರಿಂದ ಗಳಿಸಿದುದೇನು ಎಂಬ ಚರ್ಚೆ ಹೊಸದಾಗಿ ತೊಡಗಬಹುದು. ಸಂಶೋಧಕರಿಗೆ ಇನ್ನೊಂದು ದಾರಿಯಿದೆ. ನೀತಿವಾಕ್ಯಾಮೃತಕ್ಕೆ ನೇಮಿನಾಥನ ಕನ್ನಡ ಟೀಕೆಯಿದೆ. ಚಾರ, ವಿಚಾರ ಎಂಬ ಎರಡು ಸಮುದ್ದೇಶಗಳನ್ನು ಅವನು ಕನ್ನಡಕ್ಕೆ ತರುವಾಗ ಯಾವ ಪದಗಳನ್ನು ಆಯ್ದನು, ಆ ಚಾರರ ಪಟ್ಟಿಯನ್ನು ತನ್ನ ಕಾಲದ ಕನ್ನಡ ನಾಡಿನ ಯಾವ ಕಸುಬುಗಳಿಗೆ ಹೊಂದಿಸಿದನು, ತಾಪಸನೆಂಬ ಮಾತು ಬಂದಲ್ಲಿ ಏನು ವಿವರಣೆ ಕೊಟ್ಟನು ಎಂಬುದನ್ನು ಸಂಸ್ಕೃತ ಟೀಕೆಯೊಡನೆ ಇಟ್ಟು ನೋಡುವ ಅಧ್ಯಯನವೊಂದು ಆಗಬೇಕು.